ಮಾವನ ಅಡುಗು ತರಗತಿ

ಮನುಷ್ಯರಿಗೆ ಮುಖ ಎಂಬುದೊಂದು ಇದೆಯೆಂದು ನಮ್ಮ ಸೋದರಮಾವನಿಗೆ ಯಾರೂ ಹೇಳಿದಂತಿಲ್ಲ. ಎದುರಾದವರ ಪಾದ ನೋಡಿಯೇ ಮಾತನಾಡಿಸುತ್ತಾರೆ. ನನಗೆ ಹೆಣ್ಣು ನೋಡಲು ಹೋದಾಗ, ಹುಡುಗಿ ಹೇಗೆ ಎಂದು ಕೇಳಿದರೆ, "ಎಡ ಹಿಮ್ಮಡಿ ಸ್ವಲ್ಪ ಸವೆದಿದೆ, ಉಳಿದಂತೆ ಪರವಾಗಿಲ್ಲ" ಎಂದರು. ನಾನು ಕಿವಿಯಾರೆ ಕೇಳಿದ್ದು, ಒಂದು ಪದವನ್ನೂ ಸೇರಿಸಿಲ್ಲ.

ಹೆಜ್ಜೆಗುರುತಿನ ಅಚ್ಚು ತೆಗೆಯುವುದನ್ನು ಪೊಲೀಸರಿಗೆ ಕಲಿಸಿ ನಿವೃತ್ತರಾದವರು ಅವರು. ಈಗ ದೇವರಾಯಸಮುದ್ರದ ಮನೆಯಲ್ಲಿ, ಖಾಲಿಬಿದ್ದ ರೇಷ್ಮೆಹುಳುವಿನ ಶೆಡ್ಡೇ ಪಾಠಶಾಲೆ. ವಿಧಿವಿಜ್ಞಾನ ಓದುವ ಹುಡುಗ ಹುಡುಗಿಯರು ಕೋಲಾರದಿಂದ ಬಸ್ಸು ಹಿಡಿದು ಬರುತ್ತಾರೆ. ಮೊದಮೊದಲು ಯಾರೂ ಬರಲಿಲ್ಲವೆಂದು ಮಾವ ಬಾಗಿಲಿಗೆ ಬೋರ್ಡು ಹಾಕಿದರು: 'ಉಚಿತ ಅಡುಗು ತರಗತಿ.' ಮನೆಮಾತು ತೆಲುಗು ನೋಡಿ, ಅದರಲ್ಲಿ ಅಡುಗು ಎಂದರೆ ಹೆಜ್ಜೆ. ಊರಿನವರು ಕಾಗುಣಿತದ ತಪ್ಪೆಂದು ಮನಸ್ಸಿನಲ್ಲೇ ತಿದ್ದಿಕೊಂಡರು. ಹೆಂಗಸರು ಡಬ್ಬಿ ಸಮೇತ ಬಂದು ಕೂತರು!

ಮಾವ ಬೇಸಿನ್ನಿನಲ್ಲಿ ಪ್ಲಾಸ್ಟರ್ ಪುಡಿ ಕಲಸಿ, ಒದ್ದೆ ಮಣ್ಣಿನ ಹೆಜ್ಜೆಯೊಳಗೆ ಸುರಿದು, ಗಟ್ಟಿಯಾಗುವವರೆಗೆ ಕಾದು, ಬೆಳ್ಳಗಿನ ಪಾದವೊಂದನ್ನು ಎತ್ತಿ ಹಿಡಿದರು. ಅದು ಮೋಡದಿಂದ ಯಾರೋ ಕಾಲಿಳಿಬಿಟ್ಟಂತಿತ್ತು. ಕೊನೆಗೆ ಒಬ್ಬಾಕೆ ಕೇಳಿದಳು:

"ಇದಕ್ಕೆ ನೆಂಚ್ಕೊಳ್ಳೋಕೆ ಏನಣ್ಣಾ?"

ಅತ್ತೆ ಅವತ್ತು ನಕ್ಕಿದ್ದು ಕೆರೆಯ ಏರಿಗೂ ಕೇಳಿಸಿರಬೇಕು.

ಅದೇ ಅತ್ತೆಯ ಬಲಪಾದವನ್ನು ಸಕ್ಕರೆ ಕಾಯಿಲೆ ತಿಂದುಹಾಕಿತು. ಪಾದ ತೆಗೆಯದಿದ್ದರೆ ಜೀವ ಉಳಿಯುವುದಿಲ್ಲ ಎಂದರು ಡಾಕ್ಟರು. ಆಸ್ಪತ್ರೆಗೆ ಹೊರಟ ಬೆಳಿಗ್ಗೆ ಕೆರೆ ಮಂಜಿನೊಳಗಿತ್ತು. ಆ ಮಂಜಿನಿಂದ ಮಾವ ಹೊರಬಂದರು, ಹುಳು ಸಾಕುವ ತಟ್ಟೆಯ ತುಂಬ ಕೆರೆಯ ಜೇಡಿಮಣ್ಣು. ಅತ್ತೆಯ ಗಾಯದ ಕಾಲಿಗೆ ತೆಳ್ಳನೆಯ ಪ್ಲಾಸ್ಟಿಕ್ ಸುತ್ತಿ, ತಟ್ಟೆಯನ್ನು ಮಂಚದ ಪಕ್ಕ ನೆಲದ ಮೇಲಿಟ್ಟರು.

"ಇಡೇ."

"ಕಾಲೇ ಹೋಗ್ತಾ ಇದೆ, ನಿಮಗಿನ್ನೂ ಪಾಠಾನಾ?"

ಅತ್ತೆ ನನ್ನ ಭುಜ ಹಿಡಿದು ಮೆಲ್ಲಗೆ ಪಾದ ಊರಿದರು. ಮಣ್ಣು ನಿಟ್ಟುಸಿರಿಟ್ಟಿತು. ನಾನು ತಟ್ಟೆ ಅಲುಗದಂತೆ ಹಿಡಿದು ಬಗ್ಗಿದ್ದೆ, ಆದರೂ ಕಂಡದ್ದನ್ನು ಸರಿಯಾಗಿಯೇ ಕಂಡಿದ್ದೇನೆ: ಮಾವ ಪಾದ ನೋಡುತ್ತಿರಲಿಲ್ಲ. ಅತ್ತೆಯ ಮುಖವನ್ನೇ ನೋಡುತ್ತಿದ್ದರು.

ಈಗ ತರಗತಿಯಲ್ಲಿ ಆ ಬೆಳಗಿನ ಅಚ್ಚಿನಿಂದೆತ್ತಿದ ಬಿಳಿ ಪಾದ ಕೈಯಿಂದ ಕೈಗೆ ಸಾಗುತ್ತದೆ. ಮಕ್ಕಳು ಅಳತೆ ಹಿಡಿದು ಎತ್ತರ ಎಷ್ಟು, ತೂಕ ಎಷ್ಟು ಎಂದು ಚರ್ಚಿಸುತ್ತಾರೆ. ಬಾಗಿಲ ಬಳಿಯ ಕುರ್ಚಿಯಿಂದ ಒಂದು ದನಿ ಬರುತ್ತದೆ:

"ಹುಷಾರು ಕಣ್ರೋ, ಬೀಳಿಸೀರ. ಅದು ನಂದು."