ಜಟ್ಟಪ್ಪ ನಾಯ್ಕರ ಟಬ್ಬಿಗೆ ಹೊಸ ಮುಚ್ಚಳ

"ಟಬ್ಬಿನ ಮುಚ್ಚಳ ಆರಿಸುದು ಹೆಣ್ಣು ನೋಡಿದಷ್ಟು ಸುಲಭ ಅಲ್ಲ ಮಾರಾಯ್ತಿ!" ಎಂದು ಜಟ್ಟಪ್ಪ ನಾಯ್ಕರು ಘೋಷಿಸಿದ್ದು ಹೆಂಡತಿ ದಮಯಂತಿಯ ಎದುರಿಗೇ. ಧೈರ್ಯ ನೋಡಿ!

ಶಿರವಾಡದ ಅವರ ಮನೆಯ ತಾರಸಿಯ ಮೇಲೊಂದು ಹಾಟ್ ಟಬ್ ಇದೆ. ಗೋವಾದ ಯಾವುದೋ ರೆಸಾರ್ಟು ಬಾಗಿಲು ಹಾಕಿದಾಗ, ಸೊಂಟನೋವಿನ ನೆಪ ಹೇಳಿ ನಾಯ್ಕರು ಹೊತ್ತು ತಂದದ್ದು. ಕಾರವಾರದ ಸೆಕೆಯಲ್ಲಿ ದುಡ್ಡು ಕೊಟ್ಟು ಬಿಸಿನೀರಲ್ಲಿ ಕೂರುವ ಮನುಷ್ಯನನ್ನು ನೋಡಲು ಮೊದಮೊದಲು ಜನ ಬಂದರು. ಆಮೇಲೆ ಅವರೂ ಬರಲಿಲ್ಲ. ಟಬ್ಬಿನ ಜೊತೆ ಬಂದಿದ್ದ ಮುಚ್ಚಳ ಹಲವು ಮಳೆಗಾಲಗಳನ್ನು ಕಂಡು, ಒಳಗಿನ ಫೋಮು ನೀರು ಕುಡಿದು, ಎಮ್ಮೆಯಷ್ಟು ಭಾರವಾಗಿತ್ತು. ಅದನ್ನು ಎತ್ತಿ ಇಳಿಸಿಯೇ ನಾಯ್ಕರ ಸೊಂಟನೋವು ನೆಪದಿಂದ ನಿಜಕ್ಕೆ ಬಡ್ತಿ ಪಡೆದಿತ್ತು!

"ಪ್ಯಾಟೆಯಿಂದ ಒಂದು ನೀಲಿ ತಾಡಪಾಲು ತಂದು ಹಗ್ಗ ಬಿಗಿರಿ, ಸಾಕು," ಎಂದರು ದಮಯಂತಿ.

"ತಾಡಪಾಲು ಬಿಗಿಯುಕೆ ಇದೆಂತ ಮೀನು ಲಾರಿಯಾ?"

ಶುರುವಾಯಿತು ಸಂಶೋಧನೆ! ಮೂಲೆ ಎಷ್ಟು ದುಂಡಗಿರಬೇಕು, ಮಳೆನೀರು ಜಾರಲು ಎಷ್ಟು ಇಳಿಜಾರು ಬೇಕು, ನಡುವೆ ಮಡಚುವುದೋ, ಚಾಪೆಯಂತೆ ಸುತ್ತುವುದೋ? ಪಣಜಿಯ ಅಂಗಡಿಯವನು ಇವರ ಫೋನು ಬಂದರೆ ತನ್ನ ಹೆಂಡತಿಯ ಕೈಗೆ ಕೊಟ್ಟು ಓಡತೊಡಗಿದ. ಊಟದ ತಟ್ಟೆಯ ಪಕ್ಕದಲ್ಲೂ ಬಣ್ಣದ ತುಂಡುಗಳೇ.

"ಇದು ಕಾಫಿ ಬಣ್ಣ, ಇದು ಚಾಕಲೇಟು. ಯಾವುದು ಚಲೋ?"

"ಎರಡೂ ನಿನ್ನೆ ಸಾರಿನ ಬಣ್ಣ. ಉಣ್ಣಿ ಸುಮ್ನೆ!"

ಕೊನೆಗೆ ಎಲ್ಲಕ್ಕಿಂತ ದಪ್ಪದ, ಸುತ್ತಲೂ ಕ್ಲಿಪ್ಪಿನ ಪಟ್ಟಿಯಿರುವ ಮುಚ್ಚಳ ಗೆದ್ದು ಮನೆಗೆ ಬಂತು. ನಾಯ್ಕರು ಅಂಕೋಲೆಯ ಷಡ್ಡಕ ಮಾಬ್ಲೇಶ್ವರನಿಗೆ ಫೋನು ಹಚ್ಚಿದರು. ಅವನ ಎದುರು ಗೆಲ್ಲದಿದ್ದರೆ ಇವರಿಗೆ ನಿದ್ದೆಯಿಲ್ಲ.

"ಒಳಗಿನ ಶಾಖ ಹೊರಗೆ ಬರುದಿಲ್ಲ, ಹೊರಗಿನ ಸದ್ದು ಒಳಗೆ ಹೋಗುದಿಲ್ಲ. ಇಂಥಾದ್ದು ಜಿಲ್ಲೆಯಲ್ಲೇ ಇಲ್ಲ!"

"ಹೌದಾ ಭಾವಾ? ಭಾನುವಾರ ನೋಡುಕೆ ಬರ್ತೇವೆ."

ಭಾನುವಾರ ಬೆಳಿಗ್ಗೆ ನಾಯ್ಕರಿಗೊಂದು ಯೋಚನೆ ಹೊಳೆಯಿತು. ಸಂದಿಯಲ್ಲಿ ಬೆಳಕು ತೂರಿದರೆ ಶಾಖವೂ ತೂರುತ್ತದೆ. ಬೆಳಕು ತೂರುತ್ತದೋ ಎಂದು ಒಳಗಿನಿಂದಲೇ ನೋಡಬೇಕು! ಖಾಲಿ ಟಬ್ಬಿಗೆ ಲುಂಗಿಯಲ್ಲೇ ಇಳಿದು, ಮುಚ್ಚಳ ಎಳೆದುಕೊಂಡು ಮುದುಡಿ ಕೂತರು. ಕತ್ತಲೆ! ಎಂಥ ಸೊಗಸಾದ ಕತ್ತಲೆ! ನಾಯ್ಕರು ಕೂತಲ್ಲೇ ಹಿಗ್ಗಿದರು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಮಾತು ಕೇಳಿಸಿತು. ಷಡ್ಡಕನೂ ಅವನ ಹೆಂಡತಿ ರೂಪಾಲಿಯೂ ಬೇಗನೆ ಬಂದುಬಿಟ್ಟಿದ್ದರು! ನಾದಿನಿಯ ಎದುರು ಈ ಅವತಾರದಲ್ಲಿ ಏಳುವುದು ಹೇಗೆ? ಅವರು ಇಳಿದು ಹೋಗಲಿ ಎಂದು ನಾಯ್ಕರು ಉಸಿರು ಬಿಗಿಹಿಡಿದರು.

"ಇವ್ರು ಪ್ಯಾಟೆಗೆ ಹೋಗಿರ್ಬೇಕು. ಕ್ಲಿಪ್ಪೂ ಹಾಕಲಿಲ್ಲ ಕಾಣು. ಗಾಳಿಗೆ ಹಾರಿ ಹೋದ್ರೆ?" ಎನ್ನುತ್ತ ದಮಯಂತಿ ಟಕ್ ಟಕ್ ಎಂದು ಎಲ್ಲ ಕ್ಲಿಪ್ಪುಗಳನ್ನೂ ಬಿಗಿದರು. ಆಮೇಲೆ ಅಕ್ಕತಂಗಿ ಇಬ್ಬರೂ ಮುಚ್ಚಳದ ಮೇಲೇ ಕೂತರು.

"ಅಕ್ಕಾ, ಭಾವ ಇದನ್ನ ಆರಿಸುಕೆ ಭಾರೀ ದಿನ ತಕೊಂಡ್ರಂತೆ?"

"ಮತ್ತೆ! ದಪ್ಪ ನೋಡಿದ್ರು, ಬಣ್ಣ ನೋಡಿದ್ರು. ನನ್ನ ನೋಡುಕೆ ಬಂದವ್ರು ಅವಲಕ್ಕಿ ತಟ್ಟೆ ಬಿಟ್ಟು ತಲೆ ಎತ್ಲಿಲ್ಲ! ನಂದೂ ತಪ್ಪೇ ಬಿಡು. ಬ್ಯಾಂಕಿನ ನೌಕರಿ ನೋಡಿದೆ, ಒಳಗೆ ಎಂತ ಅದೆ ಹೇಳಿ ನೋಡ್ಲಿಲ್ಲ. ಟಬ್ಬಿನ ಮೂಲೆಮೂಲೆ ಅಳೆದ್ರು ಈ ಮನುಷ್ಯ. ನನ್ನ ಮೊಣಕಾಲು ಎಷ್ಟು ನೋಯ್ತದೆ ಹೇಳಿ ಒಂದು ದಿನ ಕೇಳಿದ್ದಿಲ್ಲ!"

ಒಳಗೆ ನಾಯ್ಕರ ಕಿವಿ ಕಾದವು. ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳುತ್ತಿತ್ತು!

"ಅತ್ಗೇ, ಒಂಚೂರು ನೀರು ಬಿಡಿ, ನೋಡುವಾ," ಎಂದ ಮಾಬ್ಲೇಶ್ವರ. ದಮಯಂತಿ ಎದ್ದು ಗೋಡೆಯ ನಲ್ಲಿ ತಿರುಗಿಸಿದರು. ಟಬ್ಬಿಗೆ ಜೋಡಿಸಿದ ಪೈಪಿನಿಂದ ತಣ್ಣೀರು ನೆಟ್ಟಗೆ ನಾಯ್ಕರ ಬೆನ್ನಿಗೆ ನುಗ್ಗಿತು!

"ಅಯ್ಯಯ್ಯಯ್ಯೋ!"

ನೀರಿನ ಸದ್ದಿನಲ್ಲಿ ಹೊರಗೆ ಅದು "ಊಂ…" ಎಂದಷ್ಟೇ ಕೇಳಿಸಿತು.

"ಮೋಟಾರು ಚಾಲೂ ಆಯ್ತು ಕಾಣ್ತದೆ," ಎಂದ ಮಾಬ್ಲೇಶ್ವರ.

ನಾಯ್ಕರು ಎರಡೂ ಕೈಯಿಂದ ಮುಚ್ಚಳ ಗುದ್ದಿದರು. ಮೇಲೆ ಕೂತಿದ್ದ ರೂಪಾಲಿ ಗಡಗಡ ಕುಲುಕಿದಳು. "ಅಯ್ಯೋ ಅಕ್ಕಾ, ಇದು ಮಸಾಜೂ ಮಾಡ್ತದೆ!"

"ದಮಯಂತೀ! ನಲ್ಲಿ ಬಂದ್ ಮಾಡೇ!" ಎಂದು ಮೋಟಾರು ಪ್ರಾಣ ಹೋಗುವಂತೆ ಕೂಗಿತು.

ಯಾವ ಮೋಟಾರೂ ಹೆಸರು ಹಿಡಿದು ಕರೆಯುವುದಿಲ್ಲ. ಕ್ಲಿಪ್ಪು ಬಿಚ್ಚಿ ಮುಚ್ಚಳ ತೆಗೆದರೆ, ತಲೆಯಿಂದ ನೀರು ಸುರಿಸುತ್ತ, ಒಂದು ಕೈಯಲ್ಲಿ ಲುಂಗಿ ಹಿಡಿದು, ಬ್ಯಾಂಕಿನ ಮ್ಯಾನೇಜರು ಜಟ್ಟಪ್ಪ ನಾಯ್ಕರು ಎದ್ದು ನಿಂತರು! ರೂಪಾಲಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾಚಿಕೆಗಲ್ಲ, ನಗು ತಡೆಯಲು.

"ಭಾವಾ," ಎಂದ ಮಾಬ್ಲೇಶ್ವರ ಬಹಳ ವಿನಯದಿಂದ, "ಹೊರಗಿನ ಸದ್ದು ಒಳಗೆ ಹೋಗುದಿಲ್ಲ ಹೇಳಿದ್ರಿ. ಹೆಂಗೆ, ಎಂತಾದ್ರೂ ಕೇಳ್ತಾ?"

ನಾಯ್ಕರು ಹೆಂಡತಿಯ ಮುಖ ನೋಡಿದರು. ಷಡ್ಡಕನ ಮುಖ ನೋಡಿದರು. ಕೇಳಿತು ಎಂದರೆ ಮುಚ್ಚಳದ ಮಾನ ಹೋಗುತ್ತದೆ, ಅದೂ ಅಂಕೋಲೆಯವರ ಎದುರು! ನಡುಗುವ ಎದೆಯನ್ನು ಸೆಟೆಸಿದರು.

"ಕೇಳುದಾ? ಒಂದಕ್ಷರ ಕೇಳ್ಲಿಲ್ಲ! ಮುಚ್ಚಳ ಅಂದ್ರೆ ಇದು!"

ದಮಯಂತಿ ನಿಧಾನವಾಗಿ ನಲ್ಲಿ ಬಂದ್ ಮಾಡಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು.

"ಕೇಳ್ಲೇ ಇಲ್ವಾ? ಚಲೋ ಆಯ್ತು. ಅಲ್ಲೇ ಕೂತ್ಕೊಳ್ಳಿ, ಮೊದಲಿಂದ ಹೇಳ್ತೆ."