ಹಿಲ್ಬರ್ಟನ ಗಡ್ಡೆಗೆ ಗಾಳಿ ತಾಗಿತು

ಈ ಸಲದ ಹುಟ್ಟುಹಬ್ಬದಲ್ಲಿ ಅತ್ತೆಯ ಬಾಯಿ ಮುಚ್ಚಿಸಿಯೇ ತೀರುವುದೆಂದು ಹಿಲ್ಬರ್ಟ್ ಪಣ ತೊಟ್ಟಿದ್ದ. ಹುಟ್ಟುಹಬ್ಬವೇನೋ ಅವನ ಹೆಂಡತಿ ಮಾರ್ಲೂಸಳದು. ಅವನ ಲೆಕ್ಕದಲ್ಲಿ ಮಾತ್ರ ಅದು ತನ್ನ ದಿಗ್ವಿಜಯೋತ್ಸವ!

ಜಗಳದ ಮೂಲ ಇದ್ದದ್ದು ಮನೆಯ ಹಿಂದಿನ ಕೋಣೆಯಲ್ಲಿ. ಝಾಲ್ಟ್‌ಬೊಮ್ಮೆಲ್ ಊರಿನ ಆ ಸಾಲುಮನೆಯಲ್ಲಿ ಹಿಲ್ಬರ್ಟ್ ಗಾಜಿನ ಭರಣಿಗಳೊಳಗೆ ಟ್ರಫಲ್ ಬೆಳೆಯುತ್ತಿದ್ದ. ಅಕ್ರೋಟಿನ ತಿರುಳಿನಂತೆ ಗಂಟುಗಂಟಾದ ಗಡ್ಡೆ ಅದು. ತಿಂದವರಿಗೆ ಅಮಲೇರಿ, ಪರದೆಯ ಮೇಲಿನ ಹೂವುಗಳು ಎದ್ದು ಕುಣಿಯುತ್ತವೆ. ಪೇಟೆಯ ಅಂಗಡಿಯಲ್ಲಿ ರಾಜಾರೋಷವಾಗಿ ಮಾರುತ್ತಾರೆ. ಅದೇ ಕುಣಿತದ ಅಣಬೆಯನ್ನು ಮಾತ್ರ ಸರ್ಕಾರ ನಿಷೇಧಿಸಿದೆ. ಈ ಭೇದ ಅತ್ತೆ ಅಲೈಡಾ ಅವರ ತಲೆಗೆ ಹೋಗಿರಲಿಲ್ಲ. ಅವರ ಕಣ್ಣಿಗೆ ಅಳಿಯನೆಂದರೆ ಇವತ್ತಲ್ಲ ನಾಳೆ ಜೈಲು ಸೇರುವ ಮನುಷ್ಯ. ಚರ್ಚಿನಲ್ಲಿ ಅವನಿಗಾಗಿ ಅವರು ಪ್ರಾರ್ಥಿಸುತ್ತಿದ್ದರು, ಅದೂ ಪಕ್ಕದವರಿಗೆ ಕೇಳುವಷ್ಟು ಗಟ್ಟಿಯಾಗಿ.

ಪಾಪ, ಮಾರ್ಲೂಸ್ ಗಂಡನ ಪರವಾಗಿ ತಾಯಿಯೊಡನೆ ಕಾದಾಡಿ ಹಣ್ಣಾಗಿದ್ದಳು. ತನ್ನ ಗಂಡ ಕಾನೂನು ಮೀರುವವನಲ್ಲ ಎಂದು ತಾಯಿಗೆ ಮಾತ್ರವಲ್ಲ, ಎದುರುಮನೆಯ ಪೊಲೀಸ್ ಸೀಬ್ರನ್‌ಗೂ ಎದೆ ತಟ್ಟಿ ಹೇಳಿದ್ದಳು. ಅವಳ ಆ ಮಾತನ್ನು ಹತ್ತು ಜನರ ಮುಂದೆ ಗೆಲ್ಲಿಸಿಕೊಡಬೇಕು ಎಂಬುದೇ ಹಿಲ್ಬರ್ಟನ ಆಸೆ. ಸೀಬ್ರನ್‌ನನ್ನೂ ಹುಟ್ಟುಹಬ್ಬಕ್ಕೆ ಕರೆದ. ಅಂದು ಮಾಡಬೇಕಾದ ಭಾಷಣವನ್ನು ಸ್ನಾನದ ಮನೆಯಲ್ಲಿ ಉರು ಹೊಡೆದ.

ಹಬ್ಬಕ್ಕೆ ಮುಂಚೆ ಗಂಡಹೆಂಡಿರು ಸಮುದ್ರದ ಕಡೆ ಹೋಗಿ ಒಂದಷ್ಟು ದಿನ ಇದ್ದುಬಂದರು. ಬೆಕ್ಕನ್ನು ನೋಡಿಕೊಳ್ಳಲು ಅತ್ತೆ ಬಂದು ಮನೆಯಲ್ಲಿ ಉಳಿದರು. ಹಿಂದಿನ ಕೋಣೆಗೆ ಕಾಲಿಡಬೇಡಿ ಎಂದಷ್ಟೇ ಹೇಳಿ ಹಿಲ್ಬರ್ಟ್ ಕಾರು ಹತ್ತಿದ. ಯಾಕೆಂದು ಹೇಳಲಿಲ್ಲ. ಗಡ್ಡೆ, ಅಣಬೆ ಎಂದು ಊರೆಲ್ಲ ಗಂಟಲು ಹರಿದುಕೊಳ್ಳುವ ಮಹಾಶಯ, ಹೇಳಲೇಬೇಕಾಗಿದ್ದ ಆ ಒಂದು ಮಾತನ್ನು ಹೇಳದೆ ಹೋದ.

ಹಬ್ಬದ ದಿನ ದಾರಿಯಲ್ಲಿ ವಾಹನಗಳ ಸಾಲಿಗೆ ಸಿಕ್ಕಿ ಅವರು ಮನೆ ಮುಟ್ಟುವಷ್ಟರಲ್ಲಿ ನೆಂಟರೆಲ್ಲ ಬಂದು ಕುರ್ಚಿಗಳಲ್ಲಿ ವೃತ್ತಾಕಾರವಾಗಿ ಕೂತಾಗಿತ್ತು. ಹುಟ್ಟಿದವಳಿಗೆ, ಹೆತ್ತವರಿಗೆ, ಕಟ್ಟಿಕೊಂಡವನಿಗೆ, ಯಾರೂ ಅಲ್ಲದವರಿಗೆ ಕೂಡ ಊರ ರೂಢಿಯಂತೆ ಎಲ್ಲರೂ ಕೈಕುಲುಕಿ ಅಭಿನಂದನೆ ಹೇಳಿದರು. ತಲೆಗೊಂದು ಕೇಕ್ ತುಂಡು, ಕಾಫಿ ಆಯಿತು. ಅಲೈಡಾ ಅವರ ಮುಖದಲ್ಲಿ ಎಂದೂ ಇಲ್ಲದ ಪ್ರಸನ್ನತೆ ಇತ್ತು. ಸೋಲಿನ ಮುಂಚಿನ ಶಾಂತಿ ಎಂದುಕೊಂಡ ಅಳಿಯ ಎದ್ದು ನಿಂತು ಎಲ್ಲರನ್ನೂ ಹಿಂದಿನ ಕೋಣೆಯ ಬಾಗಿಲಿಗೆ ಮೆರವಣಿಗೆ ಹೊರಡಿಸಿದ.

ಬಾಗಿಲಿಗೆ ಬೆನ್ನು ಕೊಟ್ಟು ಅವನು ಶುರುಮಾಡಿದ. ಗಡ್ಡೆ, ಅಣಬೆ ಎರಡೂ ಒಂದೇ ಜೀವದ ಮಕ್ಕಳು. ಕತ್ತಲಲ್ಲಿ, ಮುಚ್ಚಿದ ಕಡೆ ಇದ್ದರೆ ಅದು ಕಷ್ಟಕಾಲಕ್ಕೆಂದು ಗಂಟು ಕಟ್ಟಿಕೊಂಡು ಗಡ್ಡೆಯಾಗುತ್ತದೆ, ಅದೇ ಟ್ರಫಲ್. ಗಾಳಿ ಬೆಳಕು ಸಿಕ್ಕಿತೋ, ತಲೆ ಎತ್ತಿ ಕೊಡೆ ಬಿಚ್ಚುತ್ತದೆ, ಅದು ಅಣಬೆ. ಗಡ್ಡೆಗೆ ಕಾನೂನಿನ ಅಭಯ, ಕೊಡೆಗೆ ಕಾನೂನಿನ ಕತ್ತರಿ.

"ಈ ಕೋಣೆಯಲ್ಲಿ ಒಂದೇ ಒಂದು ಕೊಡೆ ಕಂಡರೂ ಸೀಬ್ರನ್ ನನ್ನನ್ನ ಇಲ್ಲಿಂದಲೇ ಎಳ್ಕೊಂಡು ಹೋಗ್ಲಿ!" ಎಂದು ಬಾಗಿಲು ತಳ್ಳಿದ.

ಕಿಟಕಿಗಳು ತೆರೆದಿದ್ದವು. ಪರದೆಗಳನ್ನು ಸರಿಸಿ ಕಟ್ಟಲಾಗಿತ್ತು. ಭರಣಿಗಳ ಮುಚ್ಚಳಗಳೆಲ್ಲ ತೊಳೆದು ಒರೆಸಿ ಒಂದು ಕಡೆ ಕೂತಿದ್ದವು. ಭರಣಿ ಭರಣಿಯಿಂದಲೂ ಕೊಡೆಗಳು ಎದ್ದು, ಮಳೆಗೆ ಕಾದವರಂತೆ ಬಿಚ್ಚಿಕೊಂಡು ನಿಂತಿದ್ದವು.

ಅಲೈಡಾ ಅಲ್ಲೇ ಇದ್ದ ಒರೆಸುವ ಬಟ್ಟೆ ಎತ್ತಿಕೊಂಡು ಸಂತೋಷದಿಂದ ಮುಂದೆ ಬಂದರು.

"ಎಂಥ ಮುಗ್ಗಲು ವಾಸನೆ ಇತ್ತು ಗೊತ್ತಾ? ಬೆಳಗ್ಗೆ ಎದ್ದು ಕಿಟಕಿ ತೆಗೆಯದ ಕೋಣೆಯನ್ನ ನಾನು ಹುಟ್ಟಿದಾಗಿಂದ ಕಂಡಿಲ್ಲ. ಇವೂ ಪಾಪ ಉಸಿರು ಕಟ್ಟಿ ಮುದುಡಿಕೊಂಡಿದ್ವು. ದಿನಾ ಗಾಳಿ ಆಡಿಸಿದೆ. ನೋಡು, ಹೇಗೆ ಕಳೆ ಬಂದಿದೆ!"

ಮಗಳ ಹಬ್ಬಕ್ಕೆ ಅಳಿಯನೊಡನೆ ರಾಜಿಯಾಗಲೆಂದೇ ಅವರು ಇಷ್ಟು ಮಾಡಿದ್ದು ಆ ಮುಖ ನೋಡಿದರೆ ತಿಳಿಯುತ್ತಿತ್ತು. ಹಿಲ್ಬರ್ಟನಿಗೂ ತಿಳಿಯಿತು. ಅಷ್ಟರಲ್ಲಿ ಸೀಬ್ರನ್ ತಾನಿವತ್ತು ರಜೆಯಲ್ಲಿದ್ದರೂ ಕಣ್ಣಿಗೆ ರಜೆ ಇಲ್ಲವೆಂದ. ಒಂದು ಭರಣಿ ಎತ್ತಿ ಹಿಡಿದು ಮೆಲ್ಲಗೆ ಕೇಳಿದ.

"ಇದು ನೀನು ಹೇಳಿದ್ದರಲ್ಲಿ ಯಾವುದಪ್ಪ?"

ಹಿಲ್ಬರ್ಟನ ನಾಲಿಗೆ ಚೆನ್ನಾಗಿ ಓಡಿತು.

"ನಾನು ಬೆಳೆದದ್ದು ಗಡ್ಡೆ. ಅಣಬೆ ಮಾಡಿದ್ದು ಅತ್ತೆ. ಅವರನ್ನ ಕೇಳು."

ಹೇಳಿದ ಮೇಲೆ ತನ್ನ ಬೆರಳು ಎಲ್ಲಿದೆ ಎಂದು ನೋಡಿಕೊಂಡ. ಕೈಯಲ್ಲಿ ಒರೆಸುವ ಬಟ್ಟೆ ಹಿಡಿದು ನಿಂತ ಮುದುಕಿಯ ಎದೆಗೇ ಗುರಿಯಿಟ್ಟು ನಿಂತಿತ್ತು. ನೆಂಟರು ಬೆರಳನ್ನೇ ನೋಡುತ್ತಿದ್ದರು. ಹಿಂತೆಗೆದುಕೊಂಡು ಜೇಬಿಗೆ ಹಾಕಿಕೊಂಡ. ಭೂಮಿ ಬಾಯಿಬಿಟ್ಟರೆ ತಾನೂ ಒಂದು ಗಡ್ಡೆಯಾಗಿ ಒಳಗೆ ಸೇರಿಬಿಡುತ್ತಿದ್ದ, ಅಷ್ಟು ನಾಚಿಕೆಯಾಯಿತು.

ಅಲೈಡಾ ಬಟ್ಟೆಯನ್ನು ಮಡಚಿದರು.

"ಹೌದು ಸೀಬ್ರನ್, ನನ್ನ ಹೆಸರೇ ಬರ್ಕೋ," ಎಂದರು. "ನನ್ನ ಅಳಿಯ ಕಾನೂನು ಮೀರುವವನಲ್ಲ."

ಇಷ್ಟು ದಿನ ಆ ಮಾತನ್ನು ಅವರ ಬಾಯಿಂದ ಕೇಳಬೇಕೆಂದು ಹಿಲ್ಬರ್ಟ್ ಹಂಬಲಿಸಿದ್ದ. ಈಗ ಕೇಳಿಸಿತು, ಕೆನ್ನೆಗೆ ಬಾರಿಸಿದ ಹಾಗೆ.

ಸೀಬ್ರನ್ ಯಾರ ಹೆಸರನ್ನೂ ಬರೆದುಕೊಳ್ಳಲಿಲ್ಲ. ಎಲ್ಲವನ್ನೂ ತನ್ನ ಕಣ್ಣೆದುರೇ ಹಸಿಕಸದ ತೊಟ್ಟಿಗೆ ಸುರಿಯಬೇಕೆಂದ. ಹಿಲ್ಬರ್ಟ್ ಒಂದೊಂದೇ ಭರಣಿ ಹೊತ್ತು ಕುರ್ಚಿಗಳ ವೃತ್ತದ ನಡುವೆ ಹಾದುಹೋದ. ಮತ್ತೆ ಬಂದು ಕೂತಿದ್ದ ನೆಂಟರು ಕಾಲು ಒಳಗೆಳೆದುಕೊಂಡು ದಾರಿ ಬಿಟ್ಟರು. ಪ್ರತಿ ಸುತ್ತಿಗೂ ಅತ್ತೆಯ ಮುಂದೆ ತಲೆ ತಗ್ಗಿತು. ಕೊನೆಗೆ ಅವರ ಎದುರು ನಿಂತು ತಪ್ಪಾಯಿತು ಎಂದ. ಅವರು ಕಾಫಿ ಆರಿಹೋಗುತ್ತೆ ಕುಡಿ ಎಂದರು, ಅಷ್ಟೆ.

ಕಾಫಿ ತೆಗೆದುಕೊಳ್ಳಲು ಅವನು ಅಡುಗೆಮನೆಗೆ ಹೋದಾಗ ಮಾರ್ಲೂಸ್ ಅಲ್ಲಿದ್ದಳು. ಖಾಲಿ ಕೋಣೆಯನ್ನು ಮತ್ತೆ ಯಾವುದಕ್ಕೆ ಬಳಸೋಣ ಎಂದು ಅವನು ಮೆಲ್ಲಗೆ ಮಾತು ತೆಗೆದ.

"ಇವತ್ತಿಂದ ಅಲ್ಲಿ ನೀನು ಮಲಗ್ತೀಯ," ಎಂದಳು ಅವಳು. "ಕಿಟಕಿ ತೆಗೆದಿರುತ್ತೆ. ಅಮ್ಮನಿಗೆ ದಿನಾ ಬಂದು ಮೈಮೇಲಿನ ಮುಚ್ಚಳ ತೆಗೆದು ಗಾಳಿ ಆಡಿಸೋಕೆ ಹೇಳಿದ್ದೀನಿ. ಮನುಷ್ಯ ಆಗ್ತೀಯೇನೋ ನೋಡೋಣ."