ಪೆಪ್ಪರ್‌ಮೆಂಟ್ ಫ್ಯಾಕ್ಟ್ರಿಯ ಜೋಡಿ ಗೋಡೆ

ಕೊಂಡದ್ದು ಎಪ್ಪತ್ತೆರಡು ಲಕ್ಷಕ್ಕೆ. ಕಟ್ಟಡ ಕೆಡವಿ ನೆಲ ಸಮ ಮಾಡಿಕೊಟ್ಟರೆ ತೊಂಬತ್ತು ಕೊಡುತ್ತೇನೆ ಎಂದು ಲೇಔಟ್ ಮಾಡುವವನೊಬ್ಬ ಮಾತು ಕೊಟ್ಟಿದ್ದ. ಯುಗಾದಿಯೊಳಗೆ ಆಗಬೇಕು ಎಂಬುದು ಕರಾರು. ನಂಜನಗೂಡಿನಿಂದ ಟಿ. ನರಸೀಪುರಕ್ಕೆ ಹೋಗುವ ರಸ್ತೆಯಲ್ಲಿ ಬಾಗಿಲು ಹಾಕಿಕೊಂಡಿದ್ದ ಚಾಕೊಲೇಟ್ ಕಾರ್ಖಾನೆಯನ್ನು ಬಾಳೆಹಣ್ಣಿನ ಮಂಡಿಯವನಾದ ನಾನು ಕೊಂಡದ್ದು ಈ ಲೆಕ್ಕಕ್ಕೇ ಹೊರತು ಇನ್ಯಾವ ಪ್ರೀತಿಗೂ ಅಲ್ಲ. ಆದರೆ ಹಳೆ ಕಟ್ಟಡ ಕೊಂಡವನನ್ನು ಜನ ಸುಮ್ಮನೆ ಬಿಡುವುದಿಲ್ಲ. ಬೀಗ ತೆಗೆದಾಗೆಲ್ಲ ಒಂದಲ್ಲ ಒಂದು ತಮಾಷೆ ಒಳಗಿನಿಂದಲೋ ಹೊರಗಿನಿಂದಲೋ ಬರುತ್ತಲೇ ಇರುತ್ತದೆ.

೧. ನೋಟೀಸು

ನಮ್ಮ ಕಡೆ ಕಾಗದ ಸುತ್ತಿದ ಸಿಹಿಯೆಲ್ಲ ಪೆಪ್ಪರ್‌ಮೆಂಟೇ. ಹಾಗಾಗಿ ಮಾಡುತ್ತಿದ್ದುದು ಚಾಕೊಲೇಟಾದರೂ ಊರಿನವರ ಬಾಯಲ್ಲಿ ಅದು ಪೆಪ್ಪರ್‌ಮೆಂಟ್ ಫ್ಯಾಕ್ಟ್ರಿ. ಹಾಲು ಸುತ್ತಲ ಹಳ್ಳಿಗಳದ್ದು, ಸಕ್ಕರೆ ನಮ್ಮ ಕಬ್ಬಿನದು, ಕೋಕೋ ಒಂದು ಮಾತ್ರ ಘಟ್ಟದ ಕಡೆಯಿಂದ ಬರುತ್ತಿತ್ತು. ನಾನು ಶಾಲೆಗೆ ಹೋಗುವಾಗ ಶನಿವಾರದ ದಿನ ಗೇಟಿನ ಹತ್ತಿರ ಮುರಿದ ಚೂರುಗಳನ್ನು ತೂಕಕ್ಕೆ ಹಾಕುತ್ತಿದ್ದರು. ಮುರಿದದ್ದು ಅಗ್ಗ, ರುಚಿ ಮಾತ್ರ ಅದೇ. ವ್ಯಾಪಾರದ ಮೊದಲ ಪಾಠ ನನಗಾದದ್ದು ಆ ಗೇಟಿನಲ್ಲಿ. ಆಮೇಲೆ ಮಾಲೀಕರ ಮಕ್ಕಳು ಬೇರೆ ವ್ಯವಹಾರ ಹಿಡಿದರು, ಕಾರ್ಖಾನೆ ನಿಂತಿತು.

ಬೀಗ ತೆಗೆದ ದಿನ ಹೆಂಡತಿ ಪೂಜೆಗೆ ಬಂದಳು. ಗೋಡೆಯೆಲ್ಲ ಇನ್ನೂ ಹುರಿದ ಕೋಕೋ ವಾಸನೆ. ಊದುಬತ್ತಿ ಹಚ್ಚಿದರೆ ಅದರ ಘಮ ಹಚ್ಚಿದವಳಿಗೇ ಮುಟ್ಟಲಿಲ್ಲ. ನೆಲದುದ್ದಕ್ಕೂ ಕೆಂಪಿರುವೆ ಸಾಲು.

“ಮುಚ್ಚಿ ಇಷ್ಟು ವರ್ಷ ಆಯ್ತಲ್ರೀ, ಇವೇನ್ ಮಾಡ್ತಾವೆ ಇಲ್ಲಿ?”

“ಇವುಕ್ಕಿನ್ನೂ ನೋಟೀಸು ತಲುಪಿಲ್ಲ ಕಣೇ” ಅಂದೆ.

೨. ಗೋಡೆಯೊಳಗಿನ ಮಾಲು

ಇಟ್ಟಿಗೆ, ಕಬ್ಬಿಣ, ತೇಗದ ಬಾಗಿಲು ಎಲ್ಲ ನೋಡಿದ ಗುಜರಿಯವನು ಆರು ಲಕ್ಷ ಎಂದ. ಹೋಗುವಾಗ ಸುಮ್ಮನೆ ಗೋಡೆಗೆ ಬೆರಳು ಮಡಿಸಿ ಕುಟ್ಟಿದ. ಡಬ್ ಡಬ್ ಎಂದಿತು. ಕಿವಿ ಇಟ್ಟು ಇನ್ನೊಮ್ಮೆ ಕುಟ್ಟಿದ. ಅವನ ಮುಖವೇ ಬದಲಾಯಿತು.

“ಏಳು ಕೊಡ್ತೀನಿ ಸಾ. ಗೋಡೆ ಒಳಗೆ ಏನ್ ಸಿಕ್ಕಿದ್ರೂ ನಂದು.”

“ಏನ್ ಸಿಕ್ಕಿದ್ರೂ ನಿಂದೇ” ಎಂದು ಐದು ಸಾವಿರ ಅಡ್ವಾನ್ಸ್ ಇಸಕೊಂಡೆ. ಅದು ಜೋಡಿ ಗೋಡೆ. ಹೊರಗಿನ ಬಿಸಿ ಒಳಗೆ ಬರಬಾರದೆಂದು ಎರಡು ಗೋಡೆ ಕಟ್ಟಿ, ನಡುವೆ ಗೇಣು ಜಾಗ ಬಿಟ್ಟಿದ್ದಾರೆ. ಹಳೇ ಮಾಲೀಕರು ನನಗೆ ಹೇಳಿದ್ದರು. ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಮಾರನೆ ದಿನ ಬಂದವನೇ ತೂತು ಕೊರೆದು ಭುಜದವರೆಗೆ ಕೈ ಹಾಕಿ ತಡಕಾಡಿದ.

“ಏನ್ ಸಿಕ್ತಪ್ಪಾ?”

“ಗಾಳಿ ಸಾ.”

“ತಗೊಂಡೋಗು, ನಿಂದೇ.”

ಆಮೇಲೆ ಅವನು ಈ ಕಡೆ ತಲೆ ಹಾಕಲಿಲ್ಲ. ಅಡ್ವಾನ್ಸೂ ಕೇಳಲಿಲ್ಲ. ಗಾಳಿಗೂ ಒಂದು ರೇಟಿದೆ ಎಂದು ಆವತ್ತು ಗೊತ್ತಾಯಿತು.

೩. ಕುಬೇರ ಬಂದು ಹೋದದ್ದು

ಹಳೆ ಕಟ್ಟಡಗಳ ಬಗ್ಗೆ ಓದಿಕೊಂಡ ಮೇಡಂ ಒಬ್ಬರು ಮೈಸೂರಿನಿಂದ ಬಂದರು. ಸೂರು ನೋಡಿ ಕೈ ಮುಗಿಯುವುದೊಂದು ಬಾಕಿ.

“ನೋಡಿ ಸರ್, ಗರಗಸದ ಹಲ್ಲಿನ ಹಾಗೆ ಕಟ್ಟಿದಾರೆ. ಒಂದೊಂದು ಹಲ್ಲಿಗೂ ಗಾಜು, ಅದೂ ಉತ್ತರಕ್ಕೆ ಮಾತ್ರ. ನಾರ್ತ್ ಲೈಟ್ ಅಂತಾರೆ. ಬೆಳಕು ಬರತ್ತೆ, ಬಿಸಿಲು ಬರಲ್ಲ. ಚಾಕೊಲೇಟ್ ಕರಗಬಾರದಲ್ವಾ? ಇಂಥದ್ದನ್ನ ಕೆಡವ್ತೀರಾ?”

“ಮೇಡಂ, ಬೆಳಕನ್ನ ಯಾರು ಕೊಳ್ತಾರೆ?” ಅಂದೆ.

ಪಕ್ಕದಲ್ಲಿದ್ದ ಬ್ರೋಕರ್ ಬಾಯಿ ಹಾಕಿದ. “ಉತ್ತರ ಅಂದ್ರೆ ಕುಬೇರನ ದಿಕ್ಕು ಸಾ. ತಿಳ್ದವ್ರೇ ಕಟ್ಟವ್ರೆ.”

“ಮತ್ಯಾಕಯ್ಯಾ ಮುಚ್ಚೋಯ್ತು?”

ಅವನು ಒಂದು ಗಳಿಗೆಯೂ ತಡವರಿಸಲಿಲ್ಲ. “ಕುಬೇರ ಕಿಟಕೀಲಿ ಬಂದ ಸಾ. ಬಾಗ್ಲು ದಕ್ಷಿಣಕ್ಕಿತ್ತಲ್ಲಾ, ಅಂಗೇ ಒಂಟೋದ.”

೪. ಎರಡು ಸಲ

ಕೆಡವುವ ಕೆಲಸ ಹದಿನಾರು ಎಂಬ ಗ್ರಾಮದ ಮೇಸ್ತ್ರಿಗೆ ವಹಿಸುವುದೆಂದುಕೊಂಡೆ. ತನ್ನೂರನ್ನೇ ‘ಅದಿನಾರು’ ಎನ್ನುವ ಮನುಷ್ಯ. ‘ಹ’ ಅವನ ನಾಲಿಗೆಗೆ ಹತ್ತಿದ್ದೇ ಇಲ್ಲ. ನಾನೂ ಅದೇ ಸೀಮೆಯವನು. ಬ್ಯಾಂಕಿಗೆ ಹೋದಾಗ ಮಾತ್ರ ‘ಹ’ ಹಾಕಿಕೊಳ್ಳುತ್ತೇನೆ. ಯುಗಾದಿಗೆ ಎಂಟು ದಿನವಿದ್ದಾಗ ಬಾಳೆ ಲೋಡಿನ ಜೊತೆ ಕಲ್ಲಿಕೋಟೆಗೆ ಹೋಗಿದ್ದೆ. ಅಲ್ಲಿಂದ ಫೋನು ಮಾಡಿದೆ.

“ನಾಳೇನೇ ಶುರು ಮಾಡು. ಫ್ಯಾಕ್ಟ್ರಿ ಗೋಡೆ ಎಲ್ಲಾ ಒಡಿ.”

“ಒಳ್ಗೂ ಒಡೀಲಾ ಸಾ?”

“ಒಳಗೂ ಒಡಿ, ಒರಗೂ ಒಡಿ. ಒಂದೂ ಬಿಡಬೇಡ.”

“ಒಂದ್ ಸಲ ಒಡುದ್ರೆ ಅಳೇದು ಎದ್ದು ಕಾಣ್ತದೆ ಸಾ. ಎಲ್ಡ್ ಸಲ ಒಡ್ದೇ ಒಡೀಬೇಕು.”

ಅಬ್ಬಾ, ಎಂಥ ಗಟ್ಟಿ ಗೋಡೆ ಎಂದುಕೊಂಡೆ. “ಎಷ್ಟು ಸಲಾನಾದ್ರೂ ಒಡಿ ಕಣಯ್ಯಾ, ಅಬ್ಬಕ್ಕೆ ಮುಂಚೆ ಮುಗೀಲಿ.”

“ನೀವ್ ಬರೋ ಒತ್ಗೆ ಲಕಲಕಾ ಅನ್ನಂಗ್ ಮಾಡಿರ್ತೀನಿ ಸಾ.”

ನೆಲ ಅಷ್ಟು ಚೊಕ್ಕಟವಾಗಿರುತ್ತದೆಂದು ಹಬ್ಬದ ಹಿಂದಿನ ದಿನ ಲೇಔಟಿನವನನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೋದೆ. ತಿರುವಿನಲ್ಲೇ ಕಣ್ಣು ಕುಕ್ಕಿತು. ಕಟ್ಟಡ ಬುಡದಿಂದ ತುದಿವರೆಗೆ ಬೆಳ್ಳಗೆ ನಿಂತಿದೆ! ಕೆಳಗೆ ಕೆಮ್ಮಣ್ಣಿನ ಪಟ್ಟೆ ಬೇರೆ. ಮೇಸ್ತ್ರಿ ಮೂಗಿನ ಮೇಲೂ ಸುಣ್ಣ.

“ಲೋ, ಒಡಿ ಅಂದ್ರೆ ಏನೋ ಮಾಡಿದ್ದೀಯಾ?”

“ಒಡ್ದಿವ್ನಲ್ಲಾ ಸಾ, ಎಲ್ಡ್ ಕೋಟು! ಅಬ್ಬುಕ್ಕೆ ಸುಣ್ಣ ಒಡೀದೆ ಇನ್ನೇನ್ ಒಡೀತಾರೆ?”

ಲೇಔಟಿನವನು ನನ್ನ ಮುಖ ನೋಡಿದ, ಗೋಡೆ ನೋಡಿದ, “ನಿಮ್ಮ ಸಹವಾಸ ಸಾಕು” ಎಂದು ಸಿಕ್ಕಿದ ಆಟೋ ಹತ್ತಿದ. ತೊಂಬತ್ತು ಲಕ್ಷ ಆ ಆಟೋದಲ್ಲಿ ಹೋಗುವುದನ್ನು ನಿಂತು ನೋಡಿದೆ.

ಸಿಟ್ಟಿನಲ್ಲಿ ಒಳಗೆ ಹೋಗಿ ಕೂತೆ. ಹೊರಗೆ ಡಾಂಬರು ಕರಗುವ ಬಿಸಿಲು. ಸ್ವಲ್ಪ ಹೊತ್ತಿಗೆ ಬೆವರು ಆರಿತು. ಹಿಂದೆಯೇ ಸಿಟ್ಟೂ ಆರಿತು. ಚಾಕೊಲೇಟೇ ಕರಗದ ಜಾಗದಲ್ಲಿ ಬಾಳೆಹಣ್ಣಿಗೇನು ಅವಸರ? ಮಂಡಿಯಲ್ಲಿ ಸೆಕೆಗೆ ಕಪ್ಪಾಗುತ್ತಿದ್ದ ರಸಬಾಳೆ, ಏಲಕ್ಕಿಬಾಳೆ ಎಲ್ಲ ಸಂಜೆಯೊಳಗೆ ಅಲ್ಲಿಗೆ ತಂದು ಹಾಕಿಸಿದೆ. ಮಂಡಿಯಲ್ಲಿ ಎರಡು ದಿನಕ್ಕೆ ಕೆಡುತ್ತಿದ್ದ ಹಣ್ಣು ಅಲ್ಲಿ ವಾರ ಕಳೆದರೂ ಹೊಂಬಣ್ಣ ಬಿಡಲಿಲ್ಲ. ಸುದ್ದಿ ಹಬ್ಬಿ ಬೇರೆ ಮಂಡಿಯವರು ಬಾಡಿಗೆಗೆ ಜಾಗ ಕೇಳಿಕೊಂಡು ಬಂದರು. ಬಂದವರಿಗೆಲ್ಲ ಸೂರು ತೋರಿಸಿ ನಾನೇ ಎದೆಯುಬ್ಬಿಸಿ ಹೇಳಿದೆ: “ನಾರ್ತ್ ಲೈಟ್ ಕಣ್ರೀ! ಈಗ ಇಂಥದ್ದನ್ನ ಯಾರು ಕಟ್ತಾರೆ?”

ಒಂದು ಮಾತ್ರ ಉಳಿದಿತ್ತು. ಬಾಗಿಲ ಮೇಲೆ ಸಿಮೆಂಟಿನಲ್ಲಿ ಕಡೆದ ಕೋಕೋ ಕಾಯಿಗಳಿಗೆ ಮೇಸ್ತ್ರಿ ಅರಿಶಿನ ಬಣ್ಣ ಬಳಿದು ಕಪ್ಪು ಚುಕ್ಕಿ ಇಟ್ಟಿದ್ದ.

“ಅದು ಕೋಕೋ ಕಣೋ.”

“ನಿಮ್ ಬಾಳೆಅಣ್ಣು ಅಂದ್ಕಂಡೆ ಸಾ. ವಸಿ ದಪ್ಪ ಆಗದೆ. ಯಾರೋ ಔಸ್ದಿ ಜಾಸ್ತಿ ಒಡ್ದವ್ರೆ.”

ಅದನ್ನು ಹಾಗೇ ಬಿಟ್ಟಿದ್ದೇನೆ. ಈಗ ನನ್ನ ಬೋರ್ಡೇ ಅದು.

ಕೊನೆಯ ಲೆಕ್ಕ ಇಷ್ಟು: ತೊಂಬತ್ತು ಲಕ್ಷ ಆಟೋದಲ್ಲಿ ಹೋಯಿತು. ಬಾಡಿಗೆ ತಿಂಗಳು ತಿಂಗಳು ಬರುತ್ತಿದೆ. ಹಣ್ಣು ತಿಪ್ಪೆಗೆ ಹೋಗುವುದು ನಿಂತಿದೆ. ಸುಣ್ಣದ ಖರ್ಚಿಗೆ ಗುಜರಿಯವನ ಐದು ಸಾವಿರ ಜಮಾ ಆಯಿತು. ಉಳಿದದ್ದು ನಾಲ್ಕು ಗೋಡೆ. ಜೋಡಿ ಗೋಡೆಯಾದ್ದರಿಂದ ನನ್ನ ಲೆಕ್ಕದಲ್ಲಿ ಎಂಟು.